ನಿಮಗೊಬ್ಬರಿಗೇ ಒಂದು ತಟ್ಟೆ: ಜಜ್ಜಿ ಹುರಿದ ಆಲೂಗಡ್ಡೆ, ಜೊತೆಗೆ ನಿಮ್ಮಿಷ್ಟದ ವಿಚಿತ್ರ

ಮನೆಯಲ್ಲಿ ಒಬ್ಬರೇ ಇದ್ದಾಗ ಏನು ತಿಂದೆವು, ಹೇಗೆ ತಿಂದೆವು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಟ್ಟೆಯ ಗೊಡವೆಯೇ ಬೇಡವೆಂದು ಬಾಣಲೆಗೇ ಚಮಚ ಹಾಕುವವರಿದ್ದಾರೆ. ಬಿಸಿ ಆಲೂಗಡ್ಡೆಯನ್ನು ಐಸ್‌ಕ್ರೀಮಿನಲ್ಲಿ ಅದ್ದಿಕೊಳ್ಳುವವರಿದ್ದಾರೆ. ತಳ ಹಿಡಿದ ಕೆಂಪು ಚೂರುಗಳನ್ನೇ ಕೆರೆದು ತಿನ್ನುವವರು, ತಟ್ಟೆಯಲ್ಲಿ ಒಂದು ಪದಾರ್ಥ ಇನ್ನೊಂದಕ್ಕೆ ತಾಗಬಾರದೆಂದು ಪಟ್ಟು ಹಿಡಿಯುವವರು, ಎಲ್ಲವನ್ನೂ ಒಟ್ಟಿಗೆ ಕಲಸದೆ ತುತ್ತೆತ್ತದವರು ಎಲ್ಲ ಮನೆಯಲ್ಲೂ ಸಿಗುತ್ತಾರೆ. ನಾಲ್ಕು ಜನರ ಎದುರು ಇವರೆಲ್ಲ ಶಿಸ್ತಾಗಿ ಉಣ್ಣುತ್ತಾರೆ, ಅಷ್ಟೆ.

ಈ ಗುಟ್ಟಿನ ಊಟದ ಬಗ್ಗೆ ನನಗೆ ಗೌರವವಿದೆ. ನಮ್ಮ ನಾಲಿಗೆಗೆ ಏನು ಬೇಕೆಂದು ನಾವು ಚೆನ್ನಾಗಿ ಅರಿತಿರುವುದು ಆ ಹೊತ್ತಿನಲ್ಲೇ. ಬೇಸರವಾಗುವುದು ಬೇರೆ ವಿಷಯಕ್ಕೆ. ನೆಂಟರು ಬರುತ್ತಾರೆಂದರೆ ಅರ್ಧ ದಿನ ಒಲೆ ಮುಂದೆ ನಿಲ್ಲುವವರು, ತಮಗೊಬ್ಬರಿಗೇ ಎಂದಾಗ ಕೈಗೆ ಸಿಕ್ಕಿದ್ದನ್ನು ತಿಂದು ಮಲಗುತ್ತಾರೆ. ವಿಚಿತ್ರ ರುಚಿ ಇರಲಿ, ಅದಕ್ಕೆ ತಕ್ಕ ಒಳ್ಳೆಯ ಅಡುಗೆಯೂ ಇರಲಿ. ಅದಕ್ಕಾಗಿಯೇ ಈ ವಿಧಾನ. ಒಟ್ಟು 45 ನಿಮಿಷ ಹಿಡಿಯುತ್ತದೆ. ಅದರಲ್ಲಿ ನೀವು ಒಲೆ ಬಿಟ್ಟು ಕದಲಬಾರದ ಹೊತ್ತು 15 ನಿಮಿಷ ಮಾತ್ರ.

ಬೇಕಾಗುವುದು

ಒಬ್ಬರಿಗೆ 350 ಗ್ರಾಂ ಆಲೂಗಡ್ಡೆ ಸಾಕು. ಸಣ್ಣ ಗಾತ್ರದ್ದಾದರೆ ಒಳ್ಳೆಯದು, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆಯದಾಗಿರಲಿ. 1 ಲೀಟರ್ ನೀರು, 2 ಟೀ ಚಮಚ ಉಪ್ಪು, 2 ದೊಡ್ಡ ಚಮಚ ಎಣ್ಣೆ, 1 ದೊಡ್ಡ ಚಮಚ ಬೆಣ್ಣೆ, ಜಜ್ಜಿದ 3 ಎಸಳು ಬೆಳ್ಳುಳ್ಳಿ, ಕರಿಮೆಣಸಿನ ಪುಡಿ, ಅರ್ಧ ನಿಂಬೆಹಣ್ಣು. ದಪ್ಪ ತಳದ ಅಗಲ ಬಾಣಲೆ ಇದ್ದರೆ ಅರ್ಧ ಕೆಲಸ ಆದಂತೆ.

ಆಲೂಗಡ್ಡೆ ಆರಿಸುವಾಗ ಸಿಪ್ಪೆ ಹಸಿರಾಗಿದೆಯೇ ನೋಡಿ. ಬೆಳಕು ಬಿದ್ದ ಗಡ್ಡೆ ಹಸಿರಾಗುತ್ತದೆ. ಆ ಬಣ್ಣದಿಂದ ತೊಂದರೆಯಿಲ್ಲ. ಆದರೆ ಅದರ ಜೊತೆಗೇ ಸೊಲನೈನ್ ಎಂಬ ಕಹಿ ವಿಷವೂ ಹೆಚ್ಚಿರುತ್ತದೆ, ಅದು ಬೇಯಿಸಿದರೂ ಹೋಗುವುದಿಲ್ಲ. ಹಸಿರು ಸ್ವಲ್ಪವೇ ಇದ್ದರೆ ಆ ಭಾಗವನ್ನೂ ಮೊಳಕೆಯ ಕಣ್ಣುಗಳನ್ನೂ ಆಳವಾಗಿ ಕೆತ್ತಿ ತೆಗೆಯಿರಿ. ಇಡೀ ಗಡ್ಡೆ ಹಸಿರಾಗಿದ್ದರೆ ಇಲ್ಲವೇ ತಿಂದಾಗ ಕಹಿ ಅನಿಸಿದರೆ ಎಸೆದುಬಿಡಿ. ಹಸಿ ಆಲೂಗಡ್ಡೆಯನ್ನು ಫ್ರಿಜ್‌ನಲ್ಲಿಟ್ಟಿದ್ದರೆ ಅದರ ಪಿಷ್ಟದ ಒಂದು ಪಾಲು ಸಕ್ಕರೆಯಾಗಿರುತ್ತದೆ. ಅಂಥದ್ದು ಒಳಗೆ ಹದವಾಗುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಗಾಳಿಯಾಡುವ ಕತ್ತಲೆ ಮೂಲೆಯಲ್ಲಿಟ್ಟ ಗಡ್ಡೆಯೇ ಈ ಅಡುಗೆಗೆ ಸರಿ.

ಹಂತ 1: ತಣ್ಣೀರಿನಿಂದ ಬೇಯಿಸಿ

ಸಿಪ್ಪೆ ಸುಲಿಯಬೇಡಿ, ಮಣ್ಣು ಹೋಗುವಂತೆ ಉಜ್ಜಿ ತೊಳೆಯಿರಿ. ಮುಂದೆ ಜಜ್ಜಿದಾಗ ಗಡ್ಡೆ ಚೆದುರದಂತೆ ಹಿಡಿದಿಡುವುದು ಆ ಸಿಪ್ಪೆಯೇ. ಪಾತ್ರೆಗೆ ಹಾಕಿ ತಣ್ಣೀರು ಸುರಿದು ಉಪ್ಪು ಬೆರೆಸಿ ಒಲೆ ಹಚ್ಚಿ. ಕುದಿಯುವ ನೀರಿಗೆ ಹಾಕಿದರೆ ಹೊರಭಾಗ ಕರಗಿ ಹೋಗುವಷ್ಟರಲ್ಲಿ ನಡುವೆ ಇನ್ನೂ ಗಟ್ಟಿ ಉಳಿದಿರುತ್ತದೆ. ತಣ್ಣೀರಿನಿಂದ ಶುರು ಮಾಡಿದರೆ ಗಡ್ಡೆ ಒಳಗೂ ಹೊರಗೂ ನಿಧಾನಕ್ಕೆ ಒಟ್ಟಿಗೆ ಬಿಸಿಯೇರುತ್ತದೆ. ಉಪ್ಪು ಹೆಚ್ಚಾಯಿತೆಂದು ಹೆದರಬೇಡಿ, ಬಹುಪಾಲು ನೀರಿನ ಜೊತೆ ಚೆಲ್ಲಿ ಹೋಗುತ್ತದೆ. ಒಳಗೆ ಇಳಿಯುವುದು ಬೇಕಾದಷ್ಟು ಮಾತ್ರ.

ಕುದಿ ಬಂದ ಮೇಲೆ ಉರಿ ತಗ್ಗಿಸಿ 20 ನಿಮಿಷ ಬಿಡಿ. ಚಾಕು ಚುಚ್ಚಿ ಮೇಲೆತ್ತಿದಾಗ ಗಡ್ಡೆ ತಾನಾಗಿ ಜಾರಿ ಬೀಳಬೇಕು. ಚಾಕುವಿಗೆ ಕಚ್ಚಿಕೊಂಡೇ ಬಂದರೆ ಇನ್ನೂ ಬೇಯಬೇಕು. ಅವಸರವಿದ್ದರೆ ಕುಕ್ಕರಿನಲ್ಲೂ ಆಗುತ್ತದೆ. ಆದರೆ ಸಿಪ್ಪೆ ಒಡೆದು ಗಡ್ಡೆ ನೀರು ಕುಡಿಯುವುದುಂಟು. ಹಾಗಾಗಿ ತೆರೆದ ಪಾತ್ರೆಯೇ ನನಗೆ ಹಿಡಿಸುತ್ತದೆ.

ಹಂತ 2: ಆರಲು ಬಿಡಿ

ನೀರು ಬಸಿದು, ಗಡ್ಡೆಗಳನ್ನು ಬಿಸಿ ಪಾತ್ರೆಗೇ ಮರಳಿ ಹಾಕಿ, ಮುಚ್ಚಳ ಹಾಕದೆ 5 ನಿಮಿಷ ಸುಮ್ಮನೆ ಬಿಡಿ. ಆವಿ ಏಳುತ್ತಿರುತ್ತದೆ. ಎದ್ದಷ್ಟೂ ಒಳ್ಳೆಯದು.

ಹೆಚ್ಚಿನವರು ಹಾರಿಸಿಬಿಡುವ ಹಂತ ಇದು. ಗರಿಗರಿ ಆಗಲಿಲ್ಲವೆಂಬ ದೂರಿಗೂ ಹೆಚ್ಚಾಗಿ ಇದೇ ಕಾರಣ. ಆಲೂಗಡ್ಡೆಯ ತೂಕದಲ್ಲಿ ಸುಮಾರು ನೂರಕ್ಕೆ 80 ಪಾಲು ನೀರು. ಮೇಲ್ಮೈಯಲ್ಲಿ ನೀರಿರುವ ತನಕ ಅಲ್ಲಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟದು. ಕೆಂಪು ಬಣ್ಣ, ಹುರಿದ ಘಮ ಚುರುಕಾಗಿ ಹುಟ್ಟುವುದು ಸುಮಾರು 140 ಡಿಗ್ರಿಯ ಮೇಲೆ. ಪದಾರ್ಥದಲ್ಲಿರುವ ಅಮೈನೋ ಆಮ್ಲಗಳೂ ಸಕ್ಕರೆಯೂ ಕೂಡಿ ನಡೆಯುವ ಈ ಕ್ರಿಯೆಯನ್ನು 1912ರಲ್ಲಿ ಮೊದಲು ವಿವರಿಸಿದವರು ಫ್ರಾನ್ಸ್‌ನ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮೈಯಾರ್. ಬ್ರೆಡ್ಡಿನ ಕಂದು ಅಂಚು, ಹುರಿದ ಕಾಫಿ ಬೀಜದ ಪರಿಮಳ ಎಲ್ಲದರಲ್ಲೂ ಇದೇ ಕೆಲಸ ಮಾಡಿರುತ್ತದೆ. ತಳ ಹಿಡಿದ ಕೆಂಪು ಚೂರಿಗಾಗಿ ಕೈ ಚಾಚುವವರು ಹುಡುಕುತ್ತಿರುವುದೂ ಇದನ್ನೇ.

ಹಂತ 3: ಜಜ್ಜಿ

ಒಂದೊಂದು ಗಡ್ಡೆಯನ್ನೂ ಹಲಗೆಯ ಮೇಲಿಟ್ಟು, ಲೋಟದ ತಳದಿಂದ ಮೆಲ್ಲಗೆ ಒತ್ತಿ. ಬೆರಳಿನಷ್ಟು ದಪ್ಪ ಉಳಿಯಲಿ. ಅಂಚು ಬಿರಿಯಬೇಕು, ಸಿಪ್ಪೆ ಹರಿಯಬೇಕು, ಆದರೆ ಗಡ್ಡೆ ತುಂಡಾಗಬಾರದು. ಬಿರುಕು ಎಷ್ಟು ಹೆಚ್ಚೋ ಎಣ್ಣೆ ತಾಗುವ ಜಾಗ ಅಷ್ಟು ಹೆಚ್ಚು, ಗರಿಗರಿ ಅಂಚೂ ಅಷ್ಟೇ ಹೆಚ್ಚು. ಲೋಟದ ತಳಕ್ಕೆ ಅಂಟಿದರೆ ಎಣ್ಣೆ ಸವರಿಕೊಳ್ಳಿ.

ಹಂತ 4: ಹುರಿಯಿರಿ, ಮುಟ್ಟಬೇಡಿ

ಬಾಣಲೆ ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಲಿ. ಎಣ್ಣೆ ಹಾಕಿ, ಅದು ತೆಳ್ಳಗೆ ಹರಿದು ಹೊಳೆಯತೊಡಗಿದಾಗ ಗಡ್ಡೆಗಳನ್ನು ಒಂದರ ಪಕ್ಕ ಒಂದು ಇಡಿ. ನಡುವೆ ಜಾಗವಿರಲಿ. ಒತ್ತೊತ್ತಾಗಿ ತುಂಬಿದರೆ ಎದ್ದ ಆವಿಗೆ ಹೋಗಲು ದಾರಿ ಸಿಗದೆ, ಗಡ್ಡೆ ಹುರಿಯುವ ಬದಲು ಮೆತ್ತಗಾಗಿ ಬೇಯುತ್ತದೆ.

ಇಟ್ಟೊಡನೆ ಚುರ್ ಎಂಬ ಸದ್ದು ಬರಬೇಕು. ಇನ್ನು 6-7 ನಿಮಿಷ ಸಟ್ಟುಗ ಕೆಳಗಿಟ್ಟುಬಿಡಿ. ಮಗುಚುವ ಆಸೆ ಎರಡನೇ ನಿಮಿಷಕ್ಕೇ ಹುಟ್ಟುತ್ತದೆ, ತಡೆದುಕೊಳ್ಳಿ. ಹೊರಪದರ ಇನ್ನೂ ಕಟ್ಟದಿರುವಾಗ ಎತ್ತಿದರೆ ಅದು ಬಾಣಲೆಯಲ್ಲೇ ಉಳಿದು, ಬರೀ ಹಿಟ್ಟು ಕೈಗೆ ಬರುತ್ತದೆ. ಹದವಾಯಿತೇ ಎಂದು ತಿಳಿಯಲು ಕಿವಿ ಕೊಡಿ. ಮೊದಮೊದಲು ಸದ್ದು ಜೋರು, ಒದ್ದೆಯೊದ್ದೆ. ಅದು ನೀರು ಆವಿಯಾಗುವ ಸದ್ದು. ಮೆಲ್ಲಗೆ ಅದು ತಗ್ಗಿ, ಸಣ್ಣ ಚಿಟಿಚಿಟಿಗೆ ಇಳಿಯುತ್ತದೆ. ಆಗ ಅಂಚಿನಲ್ಲಿ ಬಂಗಾರದ ಬಣ್ಣದ ಗೆರೆ ಕಾಣುತ್ತದೆ, ಬಾಣಲೆ ಅಲುಗಿಸಿದರೆ ಗಡ್ಡೆ ತಾನಾಗಿ ಸರಿಯುತ್ತದೆ. ಮಗುಚಬೇಕಾದದ್ದು ಆವಾಗ.

ಮಗುಚಿದ ಮೇಲೆ ಇನ್ನೊಂದು ಬದಿಗೆ 5 ನಿಮಿಷ. ಕೊನೆಯ ಒಂದೂವರೆ ನಿಮಿಷ ಇರುವಾಗ ಉರಿ ಸಣ್ಣದು ಮಾಡಿ ಬೆಣ್ಣೆ, ಬೆಳ್ಳುಳ್ಳಿ ಹಾಕಿ. ಬೆಣ್ಣೆ ಮೊದಲೇ ಹಾಕಿದರೆ ಅದರಲ್ಲಿರುವ ನೀರು ಬಾಣಲೆಯ ಕಾವನ್ನು ತಗ್ಗಿಸುತ್ತದೆ, ಹಾಲಿನ ಅಂಶ ಬೇಗ ಕಪ್ಪಾಗುತ್ತದೆ. ಬೆಳ್ಳುಳ್ಳಿಯೂ ಸೀದು ಕಹಿಯಾಗುತ್ತದೆ. ಬಾಣಲೆ ಓರೆ ಮಾಡಿ, ನೊರೆ ಬಂದ ಬೆಣ್ಣೆಯನ್ನು ಚಮಚದಲ್ಲಿ ಎತ್ತಿ ಎತ್ತಿ ಗಡ್ಡೆಗಳ ಮೇಲೆ ಸುರಿಯಿರಿ. ಬಣ್ಣ ಬಂಗಾರದ ಹಳದಿಗೆ ನಿಲ್ಲಲಿ, ಕಡು ಕಂದಿಗೆ ಹೋಗುವುದು ಬೇಡ. ಪಿಷ್ಟದ ಪದಾರ್ಥ ಹೆಚ್ಚು ಕಾವಿನಲ್ಲಿ ಕಂದಿದಾಗ ಅಕ್ರಿಲಮೈಡ್ ಎಂಬ ಬೇಡದ ವಸ್ತು ಉಂಟಾಗುತ್ತದೆಂದು 2002ರಲ್ಲಿ ಸ್ವೀಡನ್ನಿನಿಂದ ತಿಳಿದುಬಂತು. ತಳದ ಕೆಂಪು ಚೂರು ಇಷ್ಟಪಡುವವರು ಕೆಂಪಿಗೆ ತೃಪ್ತರಾಗಿ, ಕರಿಯದನ್ನು ಬಿಡಿ.

ತಟ್ಟೆಗೆ ತೆಗೆದ ತಕ್ಷಣ ಚಿಟಿಕೆ ಉಪ್ಪು, ಮೆಣಸಿನ ಪುಡಿ ಉದುರಿಸಿ. ಎಣ್ಣೆಯ ಪಸೆ ಇನ್ನೂ ಇರುವುದರಿಂದ ಉಪ್ಪು ಹಿಡಿದುಕೊಳ್ಳುತ್ತದೆ. ಮುಚ್ಚಿಡಬೇಡಿ, ಆವಿ ಕಟ್ಟಿ ಎರಡೇ ನಿಮಿಷದಲ್ಲಿ ಮೆತ್ತಗಾಗುತ್ತದೆ.

ಹಂತ 5: ನಿಮ್ಮ ವಿಚಿತ್ರವನ್ನು ಪಕ್ಕಕ್ಕಿಡಿ

ಈಗ ತಟ್ಟೆಯಲ್ಲಿ ಉಪ್ಪು, ಜಿಡ್ಡು, ಬಿಸಿ, ಗರಿಗರಿ ನಾಲ್ಕೂ ಇವೆ. ಇಲ್ಲದಿರುವುದು ಹುಳಿ, ಸಿಹಿ, ತಂಪು. ಪಕ್ಕಕ್ಕೆ ಏನಿರಬೇಕೆಂದು ತೀರ್ಮಾನಿಸಲು ಈ ಪಟ್ಟಿ ಸಾಕು: ಇಲ್ಲದ್ದರಲ್ಲಿ ಒಂದನ್ನು ಆರಿಸಿಕೊಳ್ಳಿ.

ಎಲ್ಲರಿಗೂ ಒಪ್ಪುವುದು ಫ್ರಿಜ್‌ನಿಂದ ಆಗಷ್ಟೇ ತೆಗೆದ ಗಟ್ಟಿ ಮೊಸರು. ಹುಳಿಯೂ ತಂಪೂ ಒಟ್ಟಿಗೆ ಸಿಗುತ್ತವೆ. ಹಿಂಡಿದ ನಿಂಬೆರಸ, ಹೆಚ್ಚಿದ ಟೊಮೆಟೊ ಕೂಡ ಆದೀತು. ಟೊಮೆಟೊದಲ್ಲಿ ಹುಳಿಯ ಜೊತೆಗೆ ಉಮಾಮಿಯೂ ಇದೆ. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಗುರುತಿಸಿದ, ಅಣಬೆ, ಹಳೆಯ ಚೀಸ್‌ಗಳಲ್ಲಿ ಬಾಯಿ ತುಂಬುವ ರುಚಿ ಅದು.

ಐಸ್‌ಕ್ರೀಮ್ ಇಷ್ಟವೇ? ಸಂಕೋಚ ಬೇಡ, ಒಂದು ಉಂಡೆ ಬಟ್ಟಲಿಗೆ ಹಾಕಿಕೊಳ್ಳಿ. ಒಂದೇ ರುಚಿಯನ್ನು ತಿನ್ನುತ್ತಾ ಹೋದರೆ ಆ ರುಚಿಯ ಮೇಲಿನ ಆಸೆ ಕುಗ್ಗುತ್ತದೆ, ಬೇರೆ ರುಚಿಗಳ ಮೇಲಿನದು ಅಷ್ಟು ಕುಗ್ಗುವುದಿಲ್ಲ. ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಪ್ರಯೋಗ ನಡೆಸಿ ಇದನ್ನು ತೋರಿಸಿದರು. ಹೊಟ್ಟೆ ತುಂಬಿತೆಂದವರೂ ಸಿಹಿ ಬಂದಾಗ ಕೈ ಚಾಚುವುದು ಇದೇ ಕಾರಣಕ್ಕೆ. ಉಪ್ಪಿನ ಆಲೂಗಡ್ಡೆ, ಸಿಹಿ ಐಸ್‌ಕ್ರೀಮ್ ಎಂದು ಬದಲಿಸುತ್ತಾ ತಿನ್ನುವಾಗ ಎರಡೂ ಬೇಸರ ತರುವುದಿಲ್ಲ. ಅದ್ದುವ ಮೊದಲು ಐಸ್‌ಕ್ರೀಮ್ ಗಟ್ಟಿಯಾಗಿರಲಿ. ಸಿಹಿ ತಂಪಿನಲ್ಲಿ ಮಂದವಾಗಿ, ಕರಗಿದಾಗ ಹೆಚ್ಚಾಗಿ ತಿಳಿಯುತ್ತದೆ. ಕರಗಿದ್ದರಲ್ಲಿ ಅದ್ದಿದರೆ ಸಿಹಿ ಉಪ್ಪನ್ನು ನುಂಗಿಬಿಡುತ್ತದೆ.

ಹೊಸ ಜೋಡಿ ಪರೀಕ್ಷಿಸುವುದಾದರೆ ಇಡೀ ತಟ್ಟೆಗೆ ಸುರಿಯಬೇಡಿ. ಗಡ್ಡೆಯ ಒಂದು ಅಂಚು ಮುರಿದು, ಅದಕ್ಕೆ ಉಗುರಿನಷ್ಟು ಜೇನು, ಜಾಮ್, ಕಡಲೆಕಾಯಿ ಬೆಣ್ಣೆ ಏನು ಬೇಕೋ ಅದನ್ನು ಹಚ್ಚಿ ತಿಂದು ನೋಡಿ. ಸಪ್ಪೆ ಅನಿಸಿದರೆ ಮೊದಲು ಹುಳಿ ಸೇರಿಸಿ, ಆಮೇಲೆ ಉಪ್ಪು. ಈ ಕ್ರಮ ತಪ್ಪಿದರೆ ಉಪ್ಪು ಜಾಸ್ತಿಯಾಗುತ್ತದೆ.

ಕೊನೆಗೆ ಸದ್ದಿನ ಮಾತು. ಟಿವಿ ಜೋರಾಗಿ ಹಾಕಿಕೊಂಡು ತಿನ್ನುವ ಅಭ್ಯಾಸವಿದ್ದರೆ ಮೊದಲ ನಾಲ್ಕು ತುತ್ತಿಗಾದರೂ ಅದನ್ನು ಆರಿಸಿ. ಮಾಸ್ಸಿಮಿಲಿಯಾನೊ ಜಾಂಪಿನಿ, ಚಾರ್ಲ್ಸ್ ಸ್ಪೆನ್ಸ್ ಎಂಬ ಮನೋವಿಜ್ಞಾನಿಗಳು ಜನರಿಗೆ ಹೆಡ್‌ಫೋನ್ ಹಾಕಿ ಆಲೂ ಚಿಪ್ಸ್ ಕಡಿಸಿದರು. ಕಡಿಯುವ ಸದ್ದನ್ನು ಹೆಚ್ಚಿಸಿ ಕೇಳಿಸಿದಾಗ ಅಂಥದ್ದೇ ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಎಂದು ತಿಂದವರು ಹೇಳಿದರು. 2004ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ 2008ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಬಂತು. ಅಷ್ಟು ಹೊತ್ತು ಕಾದು ಕಟ್ಟಿಸಿದ ಅಂಚಿನ ಸದ್ದು ಕಿವಿಗೆ ಬೀಳದೆ ಹೋಗಬಾರದು.

ಎಲ್ಲಿ ತಡೆಯಬೇಕು

ವಿಚಿತ್ರ ರುಚಿಗಳಲ್ಲಿ ಬಹುಪಾಲು ನಿರಪಾಯ. ಎರಡರ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕೇಕಿಗೆ ಕಲಸಿದ ಹಸಿ ಹಿಟ್ಟನ್ನು ನೆಕ್ಕುವ ಅಭ್ಯಾಸ ಬಿಡಿ. ಹಸಿ ಮೊಟ್ಟೆ ಮಾತ್ರವಲ್ಲ, ಬೇಯದ ಹಿಟ್ಟಿನಲ್ಲೂ ರೋಗ ತರುವ ಬ್ಯಾಕ್ಟೀರಿಯಾ ಇರಬಹುದು. ಇನ್ನೊಂದು, ಸೀಮೆಸುಣ್ಣ, ಮಣ್ಣು, ಹಸಿ ಅಕ್ಕಿ, ಬರೀ ಮಂಜುಗಡ್ಡೆ ಇಂಥವನ್ನು ತಿನ್ನಬೇಕೆಂಬ ತಡೆಯಲಾರದ ಆಸೆ. ವೈದ್ಯರು ಇದನ್ನು ಪೈಕಾ ಎನ್ನುತ್ತಾರೆ. ಕಬ್ಬಿಣಾಂಶದ ಕೊರತೆ ಇರುವವರಲ್ಲಿ, ಗರ್ಭಿಣಿಯರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ನಾಚಿಕೆಪಟ್ಟು ಮುಚ್ಚಿಡದೆ ವೈದ್ಯರಿಗೆ ಹೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಕೊರತೆಯೇ ಕಾರಣವಾಗಿದ್ದರೆ, ಅದು ನೀಗಿದ ಮೇಲೆ ಆಸೆ ಹೆಚ್ಚಾಗಿ ತಾನಾಗಿ ಇಳಿಯುತ್ತದೆ.

ಉಳಿದರೆ

ಬೇಯಿಸಿದ ಗಡ್ಡೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬೇಡಿ, ಮುಚ್ಚಿ ಫ್ರಿಜ್‌ಗೆ ಸೇರಿಸಿ. ಮೂರು ದಿನದೊಳಗೆ ತಿನ್ನಿ. ಬೇಯಿಸುವಾಗಲೇ ಎರಡು ಹೊತ್ತಿಗಾಗುವಷ್ಟು ಬೇಯಿಸಿಟ್ಟುಕೊಳ್ಳುವುದು ಜಾಣತನ. ತಣ್ಣಗಾದಾಗ ಪಿಷ್ಟ ಮತ್ತೆ ಬಿಗಿಯುವುದರಿಂದ ಮರುದಿನ ಗಡ್ಡೆ ಚೆದುರದೆ ಇನ್ನೂ ಚೆನ್ನಾಗಿ ಹುರಿಯುತ್ತದೆ. ಜಜ್ಜುವ ಮೊದಲು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಸೀಳಿ ತುಂಡಾಗುತ್ತದೆ. ಹುರಿದದ್ದೇ ಉಳಿದಿದ್ದರೆ ಮೈಕ್ರೊವೇವ್ ಬೇಡ, ಅದರಲ್ಲಿ ಅಂಚೆಲ್ಲ ಮೆತ್ತಗಾಗುತ್ತದೆ. ಎಣ್ಣೆ ಹಾಕದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡೂ ಬದಿ ಚೆನ್ನಾಗಿ ಬಿಸಿ ಮಾಡಿ. ಫ್ರಿಜ್ ಬಾಗಿಲು ತೆರೆದುಕೊಂಡೇ ತಣ್ಣಗೆ ತಿನ್ನುವವರು ಮೇಲೆ ನಿಂಬೆರಸ, ಇನ್ನಷ್ಟು ಮೆಣಸಿನ ಪುಡಿ ಹಾಕಿಕೊಳ್ಳಿ, ತಣ್ಣಗಿರುವ ಪದಾರ್ಥದಿಂದ ಪರಿಮಳ ಅಷ್ಟಾಗಿ ಏಳುವುದಿಲ್ಲ.