‘ಬೈ’ ಅಂದ್ರೆ ‘ಇಂದ’ ಅಂತ ಹೇಳೋದು ಬಿಟ್ಟೆ: ನನ್ನ ಅನುಭವ

ಕಲಬುರಗಿಯಲ್ಲಿ ಎಫ್‌ಡಿಎ, ಎಸ್‌ಡಿಎ ಎಂಬ ಸರ್ಕಾರಿ ಗುಮಾಸ್ತಿಕೆಯ ಪರೀಕ್ಷೆಗೆ ಕೂರುವ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡಲು ಹತ್ತಿ ಹನ್ನೊಂದು ವರ್ಷವಾಯ್ತು. ಮೊದಲ ಏಳು ವರ್ಷ ಎಲ್ಲರಂತೆ ನಾನೂ ಬೋರ್ಡಿನ ಮೇಲೆ ‘ಬೈ (by) = ಇಂದ’ ಎಂದು ಬರೆದೇ ಪಾಠ ಶುರುಮಾಡುತ್ತಿದ್ದೆ. ಹಾಳಾದದ್ದೆಲ್ಲ ಅಲ್ಲೇ.

ನಮ್ಮ ‘ಇಂದ’ ದೊಡ್ಡ ಜೋಳಿಗೆ. ಬೀದರಿನಿಂದ ಬಂದ, ಕೊಡಲಿಯಿಂದ ಕಡಿದ, ಎರಡು ವರ್ಷದಿಂದ ಓದುತ್ತಿದ್ದಾನೆ, ಹಸಿವಿನಿಂದ ಸತ್ತ. ಇಂಗ್ಲಿಷಿನಲ್ಲಿ ಇವಕ್ಕೆ ಫ್ರಮ್, ವಿತ್, ಫಾರ್, ಆಫ್. ಒಂದಕ್ಕೂ ‘ಬೈ’ ಇಲ್ಲ! ಹುಡುಗರು ನಾಲ್ಕಕ್ಕೂ ‘ಬೈ’ ಹಾಕಿ ಬರುತ್ತಿದ್ದರು. ನಿಜವಾಗಿ ‘ಬೈ’ ಬೇಕಾದ ಕಡೆ ನಾವು ‘ಬಸ್ಸಿನಾಗ ಬಂದ’ ಅನ್ನುತ್ತೇವಲ್ಲ, ಅಲ್ಲಿ ‘ಇನ್ ಬಸ್’ ಬರೆಯುತ್ತಿದ್ದರು.

ಅಭ್ಯಾಸ ಸಾಲದು ಅಂದುಕೊಂಡು ಬಿಟ್ಟ ಸ್ಥಳ ತುಂಬುವ ಪುಸ್ತಿಕೆ ಅಚ್ಚು ಹಾಕಿಸಿದೆ. ಮುನ್ನೂರು ಪ್ರತಿ, ಸುಮಾರು ಒಂಬತ್ತು ಸಾವಿರ ರೂಪಾಯಿ. ಅದರೊಳಗಿನ ವಾಕ್ಯವನ್ನೇ ಕೇಳಿದರೆ ಇಪ್ಪತ್ತಕ್ಕೆ ಹದಿನೇಳು, ಹೊಸ ವಾಕ್ಯ ಕೊಟ್ಟರೆ ಮತ್ತೆ ಎಂಟೋ ಒಂಬತ್ತೋ. ಬಾಯಿಪಾಠ ಮಾಡಿದ್ದರು, ಅಷ್ಟೇ. ಆ ವರ್ಷ ಒಂದು ಬ್ಯಾಚ್ ಅರ್ಧಕ್ಕೆ ಖಾಲಿಯಾಯ್ತು, ಫೀಸಿನಲ್ಲಿ ಇಪ್ಪತ್ತು ಸಾವಿರದಷ್ಟು ಹೋಯ್ತು. ಪುಸ್ತಿಕೆ ಇನ್ನೂ ಇನ್ನೂರು ಮನೆಯಲ್ಲಿ ಬಿದ್ದಿವೆ.

ದಾರಿ ಸಿಕ್ಕಿದ್ದು ಚಾದಂಗಡಿಯಲ್ಲಿ. ನನ್ನ ಹುಡುಗನೊಬ್ಬ ‘ಬೈಟೂ ಚಾ’ ಹೇಳಿ, ಅಪ್ಪ ಹಿಡಿದ ‘ಥರ್ಟಿ ಬೈ ಫಾರ್ಟಿ’ ಸೈಟಿನ ಮಾತು ತೆಗೆದ. ಎರಡು ‘ಬೈ’, ಎರಡೂ ಸರಿ. ಎರಡರ ಪಾಲು, ಉದ್ದ–ಅಗಲ. ಅವನಿಗೆ ಯಾರೂ ಅರ್ಥ ಹೇಳಿಕೊಟ್ಟಿರಲಿಲ್ಲ. ಯಾವ ಪ್ರಶ್ನೆಗೆ ಆ ಉತ್ತರ ಅನ್ನುವುದು ಗೊತ್ತಿತ್ತು.

ಅವತ್ತಿನಿಂದ ಅರ್ಥ ಹೇಳುವುದು ನಿಲ್ಲಿಸಿದೆ. ವಾಕ್ಯ ಕಂಡಕೂಡಲೆ ಹುಡುಗ ತನ್ನ ಮನೆಮಾತಿನಲ್ಲಿ ಪ್ರಶ್ನೆ ಕೇಳಬೇಕು. ಮಾಡಿದವ ಯಾರು? ಯಾತರಾಗ ಬಂದಿ? ಯಾವಾಗಿನೊಳಗ? ಎಷ್ಟು ಫರಕು? ಯಾವ ಲೆಕ್ಕದಾಗ? ಯಾತರ ಬಾಜೂಕ? ಬೀದರಿನ ಮದರಸಾ 1472ರದ್ದು, ಕಟ್ಟಿಸಿದವ ಯಾರು? ಬೈ ಮಹಮೂದ್ ಗವಾನ್. 2017ರಲ್ಲಿ ಬೀದರಿಗೆ ನೇರ ರೈಲು ಆಯ್ತು, ಯಾತರಾಗ ಹೋದಿ? ಬೈ ಟ್ರೇನ್, ನಡುವೆ ‘ದ’ (the) ಬೇಡ. ಸ್ವಂತ ಗಾಡಿಯಾದರೆ ‘ಆನ್ ಮೈ ಬೈಕ್’, ನಡಕೊಂಡು ಹೋದರೆ ‘ಆನ್ ಫೂಟ್’. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಮಾರುವುದು ಯಾವ ಲೆಕ್ಕದಾಗ? ಬೈ ದ ಕ್ವಿಂಟಲ್. ಇಲ್ಲಿ ‘ದ’ ಬಿಡುವಂತಿಲ್ಲ. ದರ ಇನ್ನೂರು ಏರಿತೇ? ರೋಸ್ ಬೈ ಟೂ ಹಂಡ್ರೆಡ್.

“ಹಿಂಗ ಹೊಂಟ್ರ ಪೋರ್ಷನ್ ಮುಗ್ಯಾಂಗಿಲ್ರಿ ಸರ್, ಹುಡುಗ್ರು ಕನ್ನಡದಾಗೇ ಉಳಿತಾರ” ಎಂದು ಜೊತೆಯ ಮಾಸ್ತರರು ಹೇಳಿದರು. ಎಂಟು ದಿನ ಹೆಚ್ಚು ಹಿಡಿಯಿತು, ನಿಜ. ಆಮೇಲೆ ಅದೇ ಹುಡುಗರು ವಿತ್, ಫಾರ್ ಎರಡನ್ನೂ ನಾಲ್ಕು ದಿನದಲ್ಲಿ ಮುಗಿಸಿದರು.

ನಡುವೆ ಒಂದು ಪ್ರಯೋಗ ಮಾಡಿದೆ. ಮನೆಯಲ್ಲಿ ದಖನಿ, ಅಂದರೆ ನಮ್ಮ ಕಡೆಯ ಉರ್ದು, ಮಾತಾಡುವ ಹತ್ತು–ಹನ್ನೆರಡು ಮಂದಿಗೆ ನಮ್ಮ ‘ಇಂದ’ದಂಥ ಅವರ ‘ಸೇ’ ಹಿಡಿದು ಕಲಿಸಿದೆ. ‘ಬಸ್ ಸೇ ಆಯಾ’ ಎನ್ನುತ್ತಾರೆ, ಹಾಗಾಗಿ ‘ಬೈ ಬಸ್’ ಕೂಡಲೇ ಬಂತು. ಗಡುವಿನ ವಾಕ್ಯಕ್ಕೆ ಬಂದಾಗ ಕೆಟ್ಟಿತು. ಅವರಿಗೆ ‘ಸೋಮವಾರ್ ತಕ್’ ಅಂದರೆ ಸೋಮವಾರದೊಳಗೂ ಹೌದು, ಸೋಮವಾರದ ತನಕವೂ ಹೌದು. ‘ಬೈ ಮಂಡೇ’, ‘ಅಂಟಿಲ್ ಮಂಡೇ’ ಕಲಸಿಹೋದವು. ಅಲ್ಲಿ ನಮ್ಮ ಕನ್ನಡವೇ ಗಟ್ಟಿ: ಸೋಮವಾರದೊಳಗ ಕೊಡು ಅಂದರೆ ಬೈ, ಸೋಮವಾರದ ಮಟ ಕಾಯಿ ಅಂದರೆ ಅಂಟಿಲ್. ಈಗ ದಖನಿಯವರಿಗೂ ಇದನ್ನು ‘ಒಳಗ’, ‘ಮಟ’ ಹಿಡಿದೇ ಹೇಳುತ್ತೇನೆ, ತಪ್ಪುವುದಿಲ್ಲ.

ಕಳೆದ ಬ್ಯಾಚಿನಲ್ಲಿ ನಲವತ್ತರ ಆಸುಪಾಸು ಮಂದಿ. ಹೊಸ ವಾಕ್ಯಗಳ ಮೇಲೆ ಇಪ್ಪತ್ತಕ್ಕೆ ಸರಾಸರಿ ಹದಿನೈದು ದಾಟಿತು. ಫೀಸು ತಿಂಗಳಿಗೆ ಆರುನೂರರಿಂದ ಎಂಟುನೂರು ಮಾಡಿದರೂ ಕುರ್ಚಿ ಖಾಲಿ ಉಳಿಯಲಿಲ್ಲ. ಪೋರ್ಷನ್ ಮಾತಾಡಿದ ಮಾಸ್ತರರಲ್ಲಿ ಒಬ್ಬರು ತಮ್ಮ ಮಗಳನ್ನೇ ನನ್ನ ಹತ್ತಿರ ಕಳಿಸಿದ್ದಾರೆ. ಆರು ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕಲಿಸುತ್ತೇನೆ, ಮೂರನೆಯ ದಿನ ಕೆಂಪು ಚೀಟಿಯಿಂದ ಏನು ಆಡಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಸದ್ಯ ‘ಆನ್’ ಹಿಡಿದಿದ್ದೇನೆ. ಗೋಡೆ ಮೇಲೆ ಹಲ್ಲಿ, ತಲೆ ಮೇಲೆ ಫ್ಯಾನು: ನಮಗೆ ಎರಡೂ ‘ಮೇಲೆ’, ಇಂಗ್ಲಿಷಿಗೆ ಬೇರೆ ಬೇರೆ. “ಹತ್ತೇದನು, ಇಲ್ಲನು?”, ಅಂದರೆ ತಾಗಿದೆಯೋ ಇಲ್ಲವೋ, ಎಂದು ಕೇಳಿಸಿ ನೋಡುತ್ತಿದ್ದೇನೆ. ನಾಲ್ಕು ವಾರವಾಯ್ತು, ಅರ್ಧ ಮಂದಿಗೆ ಬಂದಿದೆ.