ಜಗಲಿಗೆ ಸ್ಲೇಟ್ ಕಲ್ಲು: ಕೊಳ್ಳುವ ಮೊದಲು ಪರೀಕ್ಷಿಸುವುದು ಹೇಗೆ?

ಬಣ್ಣವೊಂದನ್ನೇ ನೋಡಿ ತಂದ ಸ್ಲೇಟ್ ಕಲ್ಲು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳದಂತೆ ಪದರ ಬಿಡುವುದನ್ನು ಮಡಿಕೇರಿ, ವಿರಾಜಪೇಟೆ ಕಡೆಯ ಹಲವು ಹೊಸ ಮನೆಗಳ ಜಗಲಿಗಳಲ್ಲಿ ಕಂಡಿದ್ದೇನೆ. ಕೊಡಗಿನ ನೆಲದ ನೈಸ್, ಚಾರ್ನೊಕೈಟ್ ಶಿಲೆಗಳಲ್ಲಿ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಆಂಧ್ರದ ಮಾರ್ಕಾಪುರ, ಹಿಮಾಚಲದ ಕಾಂಗ್ರಾ ಮುಂತಾದ ಕಡೆ ಸಿಗುವ ಸ್ಲೇಟಿನ ಕಣಗಳು ಬರಿಗಣ್ಣಿಗೆ ಕಾಣದಷ್ಟು ನುಣುಪು. ನೀರಿನ ತಳದಲ್ಲಿ ಶೇಖರವಾದ ಜೇಡಿ ಗಟ್ಟಿಯಾಗಿ ಶೇಲ್ ಆಗಿ, ಭೂಚಲನೆಯ ಒತ್ತಡಕ್ಕೂ ಮಿತವಾದ ಶಾಖಕ್ಕೂ ಸಿಕ್ಕಾಗ ಅದರೊಳಗಿನ ಅಭ್ರಕದ ಸೂಕ್ಷ್ಮ ಹಾಳೆಗಳು ಒತ್ತಡಕ್ಕೆ ಅಡ್ಡಲಾಗಿ ಒಂದೇ ದಿಕ್ಕಿಗೆ ಸಾಲುಗೂಡುತ್ತವೆ. ಕಲ್ಲು ತೆಳ್ಳಗೆ ಸೀಳುವುದು ಈ ಸಾಲಿನ ಗುಂಟ, ಕೆಸರು ಶೇಖರವಾದ ಪದರದ ಗುಂಟವಲ್ಲ. ಆದ್ದರಿಂದ ಸೀಳಿದ ಮುಖದ ಮೇಲೆ ಹಳೆಯ ಕೆಸರಿನ ಬಣ್ಣದ ಪಟ್ಟೆ ಓರೆಯಾಗಿ ಹಾದುಹೋಗಿದ್ದರೆ ಅದು ಸ್ಲೇಟ್ ಎನ್ನಲು ಒಳ್ಳೆಯ ಗುರುತು.

ಮೊದಲು ಒಂದು ತುಂಡನ್ನು ಬೆರಳ ತುದಿಯಲ್ಲಿ ಹಿಡಿದು ಗೆಣ್ಣಿನಿಂದ ತಟ್ಟಿರಿ; ಒಳ್ಳೆಯ ಕಲ್ಲು ಠಣ್ ಎನ್ನುತ್ತದೆ, ಶೇಲ್ ಅಥವಾ ಒಳಬಿರುಕಿನ ಕಲ್ಲು ಮಂಕಾದ ಸದ್ದು ಕೊಡುತ್ತದೆ.

ಎರಡನೆಯದು ಆಸಿಡ್ ಪರೀಕ್ಷೆ. ಕಪ್ಪಗಿರುವ ಕಡಪ ಕಲ್ಲನ್ನು ಸ್ಲೇಟ್ ಎಂದು ಮಾರುವುದುಂಟು, ಆದರೆ ಅದು ಸುಣ್ಣಗಲ್ಲು. ಕೈಗವಸು ಹಾಕಿಕೊಂಡು ಶೌಚಾಲಯ ತೊಳೆಯುವ ಆಸಿಡ್ಡಿನ ಒಂದು ಹನಿ ಬಿಟ್ಟರೆ ಜೋರಾಗಿ ನೊರೆ ಏಳುತ್ತದೆ. ಸ್ಲೇಟಿನಲ್ಲೂ ತುಸು ಸುಣ್ಣಾಂಶವಿದ್ದು ಗುಳ್ಳೆ ಕಂಡರೆ ಆ ಕಲ್ಲು ಮಳೆ ಬೀಳುವ ಜಾಗಕ್ಕೆ ಬೇಡ.

ಹೆಚ್ಚಿನವರು ಎಡವುವುದು ನೀರಿನ ಪರೀಕ್ಷೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊರಗಿಟ್ಟ ಕಲ್ಲು ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ಹಾಗೆಯೇ ನೀರಿಗಿಟ್ಟರೆ ನೀರು ಏರಿದ ಭಾಗಕ್ಕೂ ಉಳಿದ ಭಾಗಕ್ಕೂ ವ್ಯತ್ಯಾಸ ತಿಳಿಯದು, ಕೆಟ್ಟ ಕಲ್ಲೂ ಪಾಸಾಗಿಬಿಡುತ್ತದೆ. ಆದ್ದರಿಂದ ತುಂಡನ್ನು ಒಲೆಯ ಬಳಿ ಎರಡು ದಿನ ಚೆನ್ನಾಗಿ ಒಣಗಿಸಿ, ಅರ್ಧದಷ್ಟು ಮುಳುಗುವಂತೆ ಪಾತ್ರೆಯಲ್ಲಿ ನೆಟ್ಟಗೆ ನಿಲ್ಲಿಸಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು, ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಮುಖವನ್ನಲ್ಲ, ಅಂಚನ್ನು ನೋಡಿರಿ, ಏಕೆಂದರೆ ನೀರು ಏರುವುದು ಪದರಗಳ ನಡುವಿನಿಂದ. ತೇವದಿಂದ ಕಪ್ಪಾದ ಭಾಗ ಪೆನ್ಸಿಲ್ ಗೆರೆಗಿಂತ ಮೂರು ಮಿಲಿಮೀಟರಿಗೂ ಹೆಚ್ಚು ಮೇಲೇರಿದ್ದರೆ ಅಥವಾ ಅಂಚು ಉಗುರಿಗೆ ಕಿತ್ತು ಬಂದರೆ ಆ ಲೋಡನ್ನು ಇಳಿಸಿಕೊಳ್ಳಬೇಡಿ. ಒಂದೇ ತುಂಡನ್ನು ನಂಬದೆ, ರಾಶಿಯ ಮೇಲಿನಿಂದಲೂ ಬುಡದಿಂದಲೂ ಆರಿಸಿ ನೋಡಿರಿ.

ಹಿತ್ತಾಳೆಯಂತೆ ಮಿನುಗುವ ಚೌಕ ಚುಕ್ಕೆ ಪೈರೈಟ್ ಎಂಬ ಕಬ್ಬಿಣಾಂಶದ ಖನಿಜ. ಮಳೆಗೆ ಅದು ತುಕ್ಕಿನ ಕಲೆ ಇಳಿಸುತ್ತದೆ. ಬಿಳಿ ಬಟ್ಟೆಯಿಂದ ಉಜ್ಜಿದಾಗ ಕಪ್ಪು ಅಂಟಿದರೆ ಎಣ್ಣೆಯೋ ಬಣ್ಣವೋ ಸವರಿದ್ದಾರೆಂದು ಅರ್ಥ.

ಮೇಲೆ ಹೊಳಪಿನ ವಾರ್ನಿಶ್ ಬಳಿಯಲೇಬೇಡಿ. ಅದು ಸಿಪ್ಪೆಯೇಳುತ್ತದೆ, ಒದ್ದೆಯಾದರೆ ಜಾರುತ್ತದೆ. ಹೊರಗಿನ ಮೆಟ್ಟಿಲಿಗೆ ಪಾಲಿಶ್ ಮಾಡದ, ಸಹಜವಾಗಿ ಸೀಳಿದ ಒರಟು ಮುಖದ ಕಲ್ಲೇ ಸರಿ. ಪಾಚಿ ಕಟ್ಟಿದಾಗ ಆಸಿಡ್ ಸುರಿಯದೆ ತೆಂಗಿನನಾರಿನ ಬ್ರಷ್ಷಿನಿಂದ ಉಜ್ಜಿದರೆ ಸಾಕು.