ಅಮೆರಿಕದ ಸಂವಿಧಾನ ಓದುವುದು ಹೇಗೆ? ದಯವಿಟ್ಟು ತಿದ್ದುಪಡಿಗಳಿಂದ ಶುರುಮಾಡಬೇಡಿ

ಅಮೆರಿಕದಲ್ಲಿರುವ ನಮ್ಮ ಪರಿಚಯದವರು ಮೂರ್ನಾಲ್ಕು ಜನ ಸಿಟಿಜನ್‌ಶಿಪ್ ಪರೀಕ್ಷೆಗೆ ಓದುವಾಗ ನಾನು ಪಕ್ಕದಲ್ಲಿ ಕೂತಿದ್ದೇನೆ. ಎಲ್ಲರೂ ಪ್ರಶ್ನೋತ್ತರ ಉರು ಹೊಡೆಯುತ್ತಾರೆ. ತಿದ್ದುಪಡಿ ಎಷ್ಟು ಅಂದರೆ 27 ಎಂದು ಥಟ್ಟನೆ ಬರುತ್ತದೆ. ಅಧ್ಯಕ್ಷರು ಒಬ್ಬರೇ ಕಾನೂನು ಮಾಡಬಹುದಾ ಎಂದು ಕೇಳಿದರೆ ಮಾತ್ರ "ಮತ್ತೆ, ಅವರೇ ಅಲ್ವಾ ದೇಶ ನಡೆಸೋದು?" ಅನ್ನುತ್ತಾರೆ. ಫ್ಲ್ಯಾಶ್ ಕಾರ್ಡ್ ಆ್ಯಪ್‌ಗಳಿಗೆ ದುಡ್ಡು ಹಾಕಬೇಡಿ. ಮೂಲ ಪಠ್ಯದಲ್ಲಿ ಇರುವುದು ಏಳೇ ವಿಧಿ, ಸುಮಾರು ನಾಲ್ಕೂವರೆ ಸಾವಿರ ಪದ. ಒಂದು ಸಂಜೆ ಸಾಕು.

ಹೆಜ್ಜೆ 1: 1776ನ್ನು ಪಕ್ಕಕ್ಕಿಡಿ

ಆ ವರ್ಷದ ಜುಲೈ 4ರದು ಸ್ವಾತಂತ್ರ್ಯ ಘೋಷಣೆ. ಸಂವಿಧಾನ ಬರೆದದ್ದು 11 ವರ್ಷ ಆದಮೇಲೆ. ನಡುವೆ ಏನಾಯಿತು ಅನ್ನುವುದೇ ಮುಖ್ಯ. 1781ರಿಂದ 13 ರಾಜ್ಯಗಳು ಒಂದು ಸಡಿಲ ಒಪ್ಪಂದದ ಕೆಳಗೆ ಇದ್ದವು. ಕಾಂಗ್ರೆಸ್‌ಗೆ (ಅಲ್ಲಿನ ಸಂಸತ್ತಿನಂಥ ಸಭೆ) ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ, ದುಡ್ಡು ಬೇಕಾದರೆ ರಾಜ್ಯಗಳನ್ನು ಕೇಳಬೇಕಿತ್ತು, ಅವು ಕೊಟ್ಟರೆ ಉಂಟು ಇಲ್ಲದಿದ್ದರೆ ಇಲ್ಲ. ಒಪ್ಪಂದದ ಒಂದು ಸಾಲು ಬದಲಿಸಲೂ ಹದಿಮೂರೂ ಒಪ್ಪಬೇಕಿತ್ತು. 1786ರಲ್ಲಿ ಪಶ್ಚಿಮ ಮ್ಯಾಸಚೂಸೆಟ್ಸ್‌ನ ರೈತರು ಸಾಲ, ತೆರಿಗೆ ತಾಳಲಾರದೆ ಡೇನಿಯಲ್ ಶೇಸ್ ಮತ್ತಿತರರ ಜೊತೆ ಕೋರ್ಟುಗಳನ್ನೇ ಬಂದ್ ಮಾಡಿಸಿದರು. ಅವರಲ್ಲಿ ಎಷ್ಟೋ ಜನ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರು. ಅದನ್ನು ನಿಭಾಯಿಸಲು ಕೇಂದ್ರದ ಕೈಯಲ್ಲಿ ಹಣವೂ ಇರಲಿಲ್ಲ, ಪಡೆಯೂ ಇರಲಿಲ್ಲ. ಆ ಭಯ ಹಲವರನ್ನು ಫಿಲಡೆಲ್ಫಿಯಾಕ್ಕೆ, ಸಂವಿಧಾನ ಬರೆದ ಸಭೆಗೆ, ಎಳೆದು ತಂದಿತು.

ಹೆಜ್ಜೆ 2: ಚೌಕಾಸಿಯನ್ನು ಗಮನಿಸಿ

1787ರ ಮೇ ತಿಂಗಳಿಂದ ಸೆಪ್ಟೆಂಬರ್ 17ರವರೆಗೆ ಬಾಗಿಲು ಮುಚ್ಚಿ ಚರ್ಚೆ. ಬಂದವರು 55 ಜನ, ಸಹಿ ಹಾಕಿದವರು 39. ರೋಡ್ ಐಲೆಂಡ್ ಯಾರನ್ನೂ ಕಳಿಸಲಿಲ್ಲ. ದೊಡ್ಡ ರಾಜ್ಯಗಳಿಗೆ ಜನಸಂಖ್ಯೆ ಲೆಕ್ಕದ ಪ್ರತಿನಿಧಿ ಸಭೆ, ಚಿಕ್ಕವಕ್ಕೆ ಸಮಾಧಾನವಾಗಲಿ ಎಂದು ಸೆನೆಟ್‌ನಲ್ಲಿ ಎಲ್ಲರಿಗೂ ಎರಡೆರಡು ಸ್ಥಾನ. ಇಷ್ಟು ಎಲ್ಲರೂ ಓದುತ್ತಾರೆ. ಗುಲಾಮರ ವಿಷಯ ಬಂದಾಗ ಹಾರಿಸಿಬಿಡುತ್ತಾರೆ. ಹಾರಿಸಬೇಡಿ. ಪ್ರತಿನಿಧಿಗಳ ಲೆಕ್ಕಕ್ಕೆ ಅವರಲ್ಲಿ ಐದು ಜನರನ್ನು ಮೂವರು ಎಂದು ಎಣಿಸಿದರು. ಓಟು ಅವರಿಗಿರಲಿಲ್ಲ, ಅವರ ತಲೆ ಎಣಿಸಿ ಸಿಕ್ಕ ಸೀಟು ಮಾಲೀಕರ ರಾಜ್ಯಕ್ಕೆ ಹೋಯಿತು. ಮೂಲ ಪಠ್ಯದಲ್ಲಿ 'ಗುಲಾಮ' ಅನ್ನುವ ಪದವೇ ಇಲ್ಲ, 'ಇತರ ವ್ಯಕ್ತಿಗಳು' ಎಂದಿದೆ. ಆ ಸಾಲನ್ನು ಹುಡುಕಿ ನೀವೇ ಓದಿ, ಮೊದಲ ವಿಧಿಯಲ್ಲೇ ಇದೆ.

ಹೆಜ್ಜೆ 3: ಇಲ್ಲೇ ಎಲ್ಲರೂ ಎಡವುವುದು

ಮೊದಲ ಮೂರು ವಿಧಿಗಳು ಕಾಂಗ್ರೆಸ್ (ಪ್ರತಿನಿಧಿ ಸಭೆ, ಸೆನೆಟ್ ಎಂಬ ಎರಡು ಸದನ ಸೇರಿದ ಸಂಸತ್ತು), ಅಧ್ಯಕ್ಷ, ನ್ಯಾಯಾಲಯದ ಬಗ್ಗೆ. 'ಅಧಿಕಾರ ವಿಭಜನೆ' ಅಂದಕೂಡಲೇ ಜನ ಮೂರು ಬೀಗ ಹಾಕಿದ ಕೋಣೆಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಅದು ಹಾಗಿಲ್ಲ. ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ. ಒಂದು ಕೀಲಿ ನಿಮ್ಮದು, ಇನ್ನೊಂದು ಬ್ಯಾಂಕಿನದು, ಎರಡೂ ತಿರುಗಿದರೇ ಬಾಗಿಲು ತೆರೆಯುವುದು. ಇಲ್ಲಿಯೂ ಮುಖ್ಯ ಕೆಲಸಗಳಿಗೆಲ್ಲ ಎರಡು ಕೀಲಿ.

ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಹಾಕಿ. ಓದುತ್ತಾ ಹೋದಂತೆ ಪ್ರತಿ ಅಧಿಕಾರದ ಎದುರು 'ಯಾರು ಶುರುಮಾಡುತ್ತಾರೆ, ಯಾರು ತಡೆಯಬಹುದು' ಎಂದು ಬರೆಯಿರಿ. ಮಸೂದೆ ಎರಡೂ ಸದನ ದಾಟಬೇಕು, ಅಧ್ಯಕ್ಷರು ವಾಪಸ್ ಕಳಿಸಬಹುದು, ಎರಡೂ ಸದನ ಮೂರನೇ ಎರಡು ಬಹುಮತದಿಂದ ಮತ್ತೆ ಪಾಸ್ ಮಾಡಿದರೆ ಅವರ ಸಹಿ ಇಲ್ಲದೆಯೂ ಕಾನೂನು ಆಗುತ್ತದೆ. ಸೇನೆಯ ಮುಖ್ಯಸ್ಥ ಅಧ್ಯಕ್ಷ, ಯುದ್ಧ ಘೋಷಿಸುವುದು ಕಾಂಗ್ರೆಸ್. ನ್ಯಾಯಮೂರ್ತಿಯ ಹೆಸರು ಅಧ್ಯಕ್ಷರದು, ಒಪ್ಪಿಗೆ ಸೆನೆಟ್‌ನದು. ಕೈಯಿಂದಲೇ ಬರೆಯಿರಿ, ರೆಡಿಮೇಡ್ ಚಾರ್ಟ್ ಇಳಿಸಿಕೊಂಡರೆ ತಲೆಗೆ ಹೋಗುವುದಿಲ್ಲ.

ನಮ್ಮ ಪ್ರಧಾನಿಯ ಜೊತೆ ಹೋಲಿಸಲು ಹೋಗಿಯೇ ಜಾಸ್ತಿ ಗೊಂದಲ. ನಮ್ಮಲ್ಲಿ ಲೋಕಸಭೆಯ ಬಹುಮತ ಹೋದರೆ ಸರ್ಕಾರ ಬೀಳುತ್ತದೆ. ಅಲ್ಲಿ ಅಧ್ಯಕ್ಷರು ಕಾಂಗ್ರೆಸ್‌ನ ಸದಸ್ಯರೇ ಅಲ್ಲ. ಅವರಿಗೆ ಬೇಕಾದ ಮಸೂದೆ ಬಿದ್ದರೂ ನಾಲ್ಕು ವರ್ಷದ ಕುರ್ಚಿ ಅಲುಗುವುದಿಲ್ಲ.

ಕೀಲಿ ಹೇಗೆ ತಿರುಗುತ್ತದೆ ಎಂದು ನೋಡಲು 1952ಕ್ಕೆ ಹೋಗಿ. ಕೊರಿಯಾ ಯುದ್ಧ ನಡೆಯುತ್ತಿತ್ತು, ಉಕ್ಕು ಕಾರ್ಮಿಕರು ಮುಷ್ಕರಕ್ಕೆ ಸಿದ್ಧರಾಗಿದ್ದರು. ಅಧ್ಯಕ್ಷ ಟ್ರೂಮನ್ ಏಪ್ರಿಲ್ 8ರಂದು ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಲು ಆದೇಶ ಹೊರಡಿಸಿದರು. ಇದಕ್ಕೆ ಕಾಂಗ್ರೆಸ್ ಕಾನೂನು ಮಾಡಿರಲಿಲ್ಲ. ಜೂನ್ 2ರಂದು ಸುಪ್ರೀಂ ಕೋರ್ಟ್ 6–3ರಲ್ಲಿ ಅದು ಸಲ್ಲದು ಎಂದಿತು. ಅಂದು ಪೀಠದಲ್ಲಿದ್ದ ಒಂಬತ್ತೂ ಜನರನ್ನು ನೇಮಿಸಿದ್ದು ಟ್ರೂಮನ್ ಅಥವಾ ಅವರದೇ ಪಕ್ಷದ ರೂಸ್‌ವೆಲ್ಟ್. ಟ್ರೂಮನ್ ಕಾರ್ಖಾನೆಗಳನ್ನು ವಾಪಸ್ ಕೊಟ್ಟರು. ನನಗೆ ಈ ಪ್ರಸಂಗ ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ಯುದ್ಧದ ಮಧ್ಯೆ, ಸೇನೆ ಕೈಯಲ್ಲಿರುವ ಮನುಷ್ಯ, ಒಂದು ತೀರ್ಪಿಗೆ ತಲೆಬಾಗಿದ!

ಅಂದಹಾಗೆ, ಕಾನೂನನ್ನು ರದ್ದು ಮಾಡುವ ಅಧಿಕಾರ ಕೋರ್ಟಿಗಿದೆ ಎಂದು ಮೂರನೇ ವಿಧಿಯಲ್ಲಿ ಹುಡುಕಬೇಡಿ, ನೇರವಾಗಿ ಬರೆದಿಲ್ಲ. 1803ರಲ್ಲಿ ಮಾರ್ಬರಿ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅದನ್ನು ಸಂವಿಧಾನದಿಂದಲೇ ತರ್ಕಿಸಿ ಹೇಳಿದರು.

ಹೆಜ್ಜೆ 4: ನಾಲ್ಕರಿಂದ ಏಳನೇ ವಿಧಿ

ಒಂದು ಸಲ ಕಣ್ಣಾಡಿಸಿ ಸಾಕು.

ಹೆಜ್ಜೆ 5: ಈಗ ತಿದ್ದುಪಡಿಗಳು

ಮೊದಲ ಹತ್ತು 1791ರವು. ಹತ್ತನೆಯದನ್ನು ಎರಡು ಸಲ ಓದಿ: ಕೇಂದ್ರಕ್ಕೆ ಕೊಡದ, ರಾಜ್ಯಗಳಿಗೆ ನಿಷೇಧಿಸದ ಅಧಿಕಾರವೆಲ್ಲ ರಾಜ್ಯಗಳಿಗೆ ಇಲ್ಲವೇ ಜನರಿಗೆ ಉಳಿಯುತ್ತದೆ. ಈ ಹತ್ತು ಮೊದಲು ಕಟ್ಟಿಹಾಕಿದ್ದು ಕೇಂದ್ರವನ್ನು ಮಾತ್ರ. ಅಂತರ್ಯುದ್ಧ ಮುಗಿದು 1868ರಲ್ಲಿ ಹದಿನಾಲ್ಕನೆಯದು ಬಂದ ಮೇಲೆ, ಕೋರ್ಟುಗಳು ಅವುಗಳಲ್ಲಿ ಬಹುಪಾಲನ್ನು ನಿಧಾನವಾಗಿ ರಾಜ್ಯಗಳಿಗೂ ಅನ್ವಯಿಸಿದವು. ಹದಿನಾಲ್ಕರಲ್ಲಿ 'ಡ್ಯೂ ಪ್ರಾಸೆಸ್' (ನ್ಯಾಯಸಮ್ಮತ ಕಾನೂನು ಪ್ರಕ್ರಿಯೆ) ಎಂಬ ಎರಡು ಪದ ಸಿಗುತ್ತವೆ. ಅಲ್ಲಿ ನಿಲ್ಲಿ. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಜೊತೆ ಮಾತಾಡಿದಾಗ, ಈ ಪದಗಳು ನ್ಯಾಯಾಧೀಶರ ಕೈಗೆ ಅತಿಯಾದ ಅಧಿಕಾರ ಕೊಡುತ್ತವೆ ಎಂದು ಫ್ರಾಂಕ್‌ಫರ್ಟರ್ ಎಚ್ಚರಿಸಿದರು. ನಮ್ಮ ಸಂವಿಧಾನದ ಕರಡಿನಿಂದ ಆ ಪದಗಳು ಹೋದವು. ಜೀವ, ಸ್ವಾತಂತ್ರ್ಯದ ಹಕ್ಕು ಕೊಡುವ ನಮ್ಮ 21ನೇ ವಿಧಿಯನ್ನು ಪಕ್ಕದಲ್ಲಿಟ್ಟುಕೊಂಡು ಹದಿನಾಲ್ಕನೇ ತಿದ್ದುಪಡಿಯನ್ನು ಇನ್ನೊಮ್ಮೆ ಓದಿ.